ವ್ಯಸನಮುಕ್ತಿಗೆ ಸಂಗವೇ ಸಾಧನ

ದೇಹವು ಶಿವನ ಮಂದಿರವೆಂಬುದು ಶರಣಧರ್ಮದ ಮೂಲಭಾವನೆ. ಲಿಂಗವನ್ನು ಧರಿಸಿದ ಅಂಗವು ಶುದ್ಧವಾಗಿರಬೇಕು. ಕೈಗೊಂಡ ಕಾಯಕವು ಸತ್ಯವಾಗಿರಬೇಕು. ಗಳಿಸಿದುದು ದಾಸೋಹಕ್ಕೆ ಸಲ್ಲಬೇಕು. ಮದ್ಯವ್ಯಸನವು ಈ ಮೂರನ್ನೂ ಒಮ್ಮೆಲೇ ಕೆಡಿಸುವುದು. ಅಂಗವು ರೋಗಕ್ಕೆ, ಕಾಯಕವು ಸಾಲಕ್ಕೆ, ದಾಸೋಹದ ಪಾಲು ಮದ್ಯದಂಗಡಿಗೆ ಸಲ್ಲುವುದು.

ಮದ್ದೂರು ಮಳವಳ್ಳಿಗಳ ನಡುವಣ ಭಾರತೀನಗರವು ಜನರ ಬಾಯಲ್ಲಿ ಕೆ.ಎಂ. ದೊಡ್ಡಿ. ಇಲ್ಲಿ ವಿದ್ಯಾಸಂಸ್ಥೆಗಳುಂಟು, ಸಕ್ಕರೆ ಕಾರ್ಖಾನೆಯುಂಟು, ಸುತ್ತಲೂ ಕಬ್ಬಿನ ಗದ್ದೆಗಳುಂಟು. ವರ್ಷವಿಡೀ ಬೆವರಿಳಿಸಿದ ರೈತನಿಗೆ ಕಬ್ಬಿನ ಹಣ ಬರುವ ದಿನವು ಹಬ್ಬದ ದಿನ. ಆದರೆ ಆ ಹಣ ಮನೆಗೆ ಬರುವುದೋ ದಾರಿಯಲ್ಲಿಯೇ ಕರಗುವುದೋ ಎಂದು ಬಾಗಿಲಲ್ಲಿ ನಿಂತು ಕಾಯುವ ತಾಯಂದಿರ ಪಾಲಿಗೆ ಅದೇ ದಿನ ಅಗ್ನಿಪರೀಕ್ಷೆಯಾಗುವುದು. ಇಂತಹ ಮನೆಗಳು ಯಾವ ಊರಿಗೂ ಹೊಸತಲ್ಲ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವು ನಿಷಿದ್ಧವಾಯಿತು. ಸಾರಾಯಿ ಅಂಗಡಿ ಮುಚ್ಚಿತು. ಆದರೆ ಕುಡಿತ ನಿಲ್ಲಲಿಲ್ಲ, ಬಾಟಲಿ ಮಾತ್ರ ಬದಲಾಯಿತು. ಹೊರಗಿನ ಬಾಗಿಲನ್ನು ರಾಜಶಾಸನವು ಮುಚ್ಚಬಹುದು. ಒಳಗಿನ ಬಾಗಿಲನ್ನು ಮುಚ್ಚಬೇಕಾದವನು ವ್ಯಸನಿಯೇ. ಅವನು ಒಬ್ಬಂಟಿಯಾಗಿ ಅದನ್ನು ಮುಚ್ಚಲಾರನೆಂಬುದೇ ಈ ರೋಗದ ಮರ್ಮ. ಬೆಳಗಿನ ಆಣೆ ಸಂಜೆಗೆ ಮುರಿಯುವುದು. ಮುರಿದ ಆಣೆಯಿಂದ ನಾಚಿಕೆ, ನಾಚಿಕೆಯನ್ನು ಮರೆಯಲು ಮತ್ತೆ ಕುಡಿತ. ಈ ಚಕ್ರವನ್ನು ಬೈಗುಳವು ಮುರಿಯಲಾರದು; ಸಂಗವು ಮುರಿಯಬಲ್ಲುದು.

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಧರ್ಮೇಶ್ವರಲಿಂಗವೆಂಬುದು ಅವನ ಅಂಕಿತ. ಹೆಂಡ ಮಾರುವ ವೃತ್ತಿಯಲ್ಲಿದ್ದವನೇ ಕುಡಿಯಬಂದವರಿಗೆ ಕುಡಿತದ ಕೇಡನ್ನು ತಿಳಿಸಿ ಶಿವಮಾರ್ಗವನ್ನು ತೋರಿದನೆಂದು ಪರಂಪರೆಯು ಹೇಳುವುದು. ಶರಣರು ಅವನನ್ನು ಹೊರಗಿಡಲಿಲ್ಲ. ತಮ್ಮ ನಡುವೆ ಕುಳ್ಳಿರಿಸಿಕೊಂಡರು. ದೂರವಿಟ್ಟು ತಿದ್ದಲಾಗದು, ಹತ್ತಿರವಿದ್ದೇ ತಿದ್ದಬೇಕೆಂಬ ಪಾಠ ಇದರಲ್ಲಿದೆ.

ಇತ್ತೀಚಿನ ಕಾಲದಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು ಇದೇ ದಾರಿಯನ್ನು ಹಿಡಿದರು. ಅವರು ಜೋಳಿಗೆ ಹಿಡಿದು ಊರೂರು ಸುತ್ತಿದರು. ಬೇಡಿದುದು ಧಾನ್ಯವನ್ನಲ್ಲ, ಹೊನ್ನನ್ನಲ್ಲ, ಜನರ ದುಶ್ಚಟಗಳನ್ನು. ‘ಮಹಾಂತ ಜೋಳಿಗೆ’ ಎಂದು ಅದು ನಾಡಿನಲ್ಲೆಲ್ಲ ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಗುರುವೇ ಮನೆಯ ಬಾಗಿಲಿಗೆ ಬಂದು ಕೈಯೊಡ್ಡಿದಾಗ ಚಟವನ್ನು ಬಿಡುವುದು ಸೋಲೆನಿಸದು. ಭಿಕ್ಷೆ ನೀಡಿದ ಗೌರವವೆನಿಸುವುದು.

ಸಾಗರದಾಚೆಯೂ ಇದೇ ತತ್ತ್ವವು ಬೇರೊಂದು ಬಗೆಯಲ್ಲಿ ಫಲಿಸಿತು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ, ಕುಡಿತವನ್ನು ಬಿಟ್ಟು ಕೆಲವೇ ತಿಂಗಳಾಗಿದ್ದ ವ್ಯಾಪಾರಿಯೊಬ್ಬನಿಗೆ ಮತ್ತೆ ಕುಡಿಯುವ ಆಸೆಯುಂಟಾಯಿತು. ಅವನು ಮದ್ಯದ ಕಡೆಗೆ ಹೋಗದೆ ತನ್ನಂತೆಯೇ ಬಳಲುವ ಮತ್ತೊಬ್ಬನನ್ನು ಹುಡುಕಿದನು. ದೊರೆತವನು ಒಬ್ಬ ವೈದ್ಯ. ಒಬ್ಬನನ್ನೊಬ್ಬನು ಉಳಿಸಹೋಗಿ ಇಬ್ಬರೂ ಉಳಿದರು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದ ಉಗಮ. ಅಲ್ಲಿ ಶುಲ್ಕವಿಲ್ಲ, ಹೆಸರು ಬಯಲಾಗದು, ಕುಡಿತವನ್ನು ಬಿಡುವ ಇಚ್ಛೆಯೊಂದೇ ಅರ್ಹತೆ. ‘ಈ ಚಟದ ಮುಂದೆ ನನ್ನ ಶಕ್ತಿ ಸಾಲದು’ ಎಂಬ ಒಪ್ಪಿಗೆಯೇ ಅಲ್ಲಿ ಮೊದಲ ಮೆಟ್ಟಿಲು. ಅಹಂಕಾರವಳಿದಲ್ಲದೆ ಶರಣಾಗತಿಯಿಲ್ಲವೆನ್ನುವ ವೀರಶೈವನಿಗೆ ಇದು ಹೊಸ ಮಾತಾಗದು. ಜೀವಮಾನದ ಪ್ರತಿಜ್ಞೆಯನ್ನು ಅಲ್ಲಿ ಕೇಳರು. ಇಂದು ಒಂದು ದಿನ ಕುಡಿಯದಿರು ಎನ್ನುವರು. ನಿತ್ಯದ ಲಿಂಗಪೂಜೆಯೂ ದಿನಕ್ಕೊಮ್ಮೆ ಹೊಸದಾಗಿ ಮಾಡುವ ನೇಮವೇ ಅಲ್ಲವೇ?

ಹಾಗಾದರೆ ಭಾರತೀನಗರದ ವ್ಯಸನಿಯು ಈ ಸಂಗವನ್ನು ಎಲ್ಲಿ ಅರಸಬೇಕು? ಮೊದಲು ವೈದ್ಯರಲ್ಲಿ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಅಪಸ್ಮಾರ, ಚಿತ್ತಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಆಸ್ಪತ್ರೆಯ ಸಲಹೆಯಿಲ್ಲದೆ ಹಟದ ವ್ರತ ಸಲ್ಲದು. ಮಂಡ್ಯದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14416 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಮನೋವೈದ್ಯಕೀಯ ಸಲಹೆ ದೊರೆಯುವುದು. ಎರಡನೆಯದಾಗಿ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯ ಮೂಲಕ ನಾಡಿನ ಹಲವೆಡೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಿದೆ. ಶಿಬಿರ ಮುಗಿದವರು ಮರಳಿ ಜಾರದಂತೆ ನವಜೀವನ ಸಮಿತಿಗಳಲ್ಲಿ ಕೂಡುವರು. ಯೋಜನೆಯ ಕಾರ್ಯಕರ್ತರನ್ನು ಕೇಳಿದರೆ ಸಮೀಪದ ಶಿಬಿರದ ವಿವರ ತಿಳಿಯುವುದು. ಎಲ್ಲಿಯೂ ದೊರೆಯದಿದ್ದರೆ, ಕುಡಿತವನ್ನು ಬಿಟ್ಟ ಒಬ್ಬನನ್ನು ಹುಡುಕಿಕೊಂಡರೂ ಸಾಕು. ಇಬ್ಬರು ಕೂಡಿದಲ್ಲಿ ಸಂಗವು ಮೊದಲಾಗುವುದು.

ಮನೆಯವರ ಕರ್ತವ್ಯವೂ ಗುರುತರವಾದುದು. ಸಾಲ ತೀರಿಸಿ ತಪ್ಪನ್ನು ಮುಚ್ಚುವುದು ಕರುಣೆಯಲ್ಲ. ಹೊಡೆದು ಹೀಯಾಳಿಸುವುದು ಮದ್ದಲ್ಲ. ಜಾರಿದವನು ಮತ್ತೆ ಎದ್ದು ಬಂದಾಗ ‘ಪುನಃ ಬಂದೆಯಾ?’ ಎಂದು ಮೂದಲಿಸದೆ, ‘ಬಾರಪ್ಪ, ಕುಳಿತುಕೊ’ ಎನ್ನುವ ಸಮಾಜವೇ ಶರಣಸಮಾಜ. ಊರಿನ ಗುಡಿಯ ಜಗಲಿಯೂ ಮಠದ ಪಡಸಾಲೆಯೂ ವಾರಕ್ಕೊಂದು ಸಂಜೆ ಇಂತಹವರಿಗಾಗಿ ತೆರೆದಿರಲಿ. ಅನ್ನದಾಸೋಹದಂತೆ ಆಲಿಸುವುದೂ ಒಂದು ದಾಸೋಹ. ಆ ದಾಸೋಹದಿಂದ ಒಂದು ಮನೆಯ ಒಲೆ ಉರಿದರೂ, ಒಂದು ಮಗುವಿನ ಭಯ ಕಳೆದರೂ ಶಿವನು ಮೆಚ್ಚುವನು.