ಕಲಿತವರು ಹೊರಟುಹೋದ ಮೇಲೆ

ಅಮೆರಿಕದ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸುವಾಗ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳುತ್ತಾರೆ. ಉತ್ತರ ಇಂಗ್ಲಿಷ್ ಅಲ್ಲದಿದ್ದರೆ ಮಗುವಿಗೊಂದು ಭಾಷಾ ಪರೀಕ್ಷೆ. ಅದರಲ್ಲಿ ಸಾಕಷ್ಟು ಅಂಕ ಬರದಿದ್ದರೆ ಆ ಮಗು ‘ಇಂಗ್ಲಿಷ್ ಕಲಿಕಾರ್ಥಿ’. ಈ ಗುಂಪಿನ ಸರಾಸರಿ ಅಂಕ ಓದಿನಲ್ಲೂ ಗಣಿತದಲ್ಲೂ ಉಳಿದವರಿಗಿಂತ ಕಡಿಮೆ ಎಂದು ರಾಷ್ಟ್ರಮಟ್ಟದ ಪರೀಕ್ಷೆಗಳು ಮತ್ತೆ ಮತ್ತೆ ತೋರಿಸುತ್ತವೆ. ಇವರು ಯಾಕೆ ಹಿಂದುಳಿದರು ಎಂದು ಕೇಳುವ ಮೊದಲು ಇನ್ನೊಂದನ್ನು ಕೇಳಬೇಕು: ಈ ಗುಂಪಿನಲ್ಲಿ ಉಳಿಯುವವರು ಯಾರು?

ಇಂಗ್ಲಿಷ್ ಚೆನ್ನಾಗಿ ಬಂತೆಂದರೆ ಮಗು ಗುಂಪಿನಿಂದ ಹೊರಗೆ. ಹೊಸದಾಗಿ ಬಂದಿಳಿದ ಮಗು ಒಳಗೆ. ಗುಣವಾದವರನ್ನೆಲ್ಲ ಮನೆಗೆ ಕಳಿಸಿ, ಉಳಿದವರನ್ನು ತೋರಿಸಿ, ಈ ಆಸ್ಪತ್ರೆಯಲ್ಲಿ ಯಾರಿಗೂ ವಾಸಿಯಾಗುವುದಿಲ್ಲ ಎಂದ ಹಾಗಾಯಿತು. ಹೊರಹೋದವರ ಅಂಕಗಳನ್ನೂ ನಾಲ್ಕು ವರ್ಷಗಳವರೆಗೆ ಇದೇ ಗುಂಪಿನಲ್ಲಿ ಎಣಿಸಲು 2015ರ ಕಾನೂನು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ.

ಗುಂಪಿನೊಳಗೂ ಎಲ್ಲರೂ ಒಂದೇ ಅಲ್ಲ. ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರರ, ಕನ್ನಡವಷ್ಟೇ ಬಲ್ಲ ಮಗುವಿಗೂ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವವರ ಮಗುವಿಗೂ ಇದೇ ಹಣೆಪಟ್ಟಿ. ಹೆತ್ತವರ ಓದು, ಮನೆಯ ಆದಾಯ, ಪದೇ ಪದೇ ಊರು ಬದಲಿಸುವ ಅನಿವಾರ್ಯತೆ, ತನ್ನ ಭಾಷೆಯಲ್ಲಿ ಮೊದಲೇ ಅಕ್ಷರ ಕಲಿತಿದೆಯೇ ಎಂಬುದು, ಇವೆಲ್ಲ ಅಂಕದೊಳಗೆ ಸೇರಿಕೊಂಡಿರುತ್ತವೆ. ಆಟದ ಬಯಲಿನ ಇಂಗ್ಲಿಷ್ ಸುಮಾರು ಎರಡು ವರ್ಷದಲ್ಲಿ ಬಂದರೂ ಪಠ್ಯಪುಸ್ತಕದ ಇಂಗ್ಲಿಷ್‌ಗೆ ಐದರಿಂದ ಏಳು ವರ್ಷ ಬೇಕು ಎಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ತೋರಿಸಿದರು. ಹರಳು ಹುರಿದಂತೆ ಮಾತಾಡುವ ಮಗು ವಿಜ್ಞಾನದ ಉತ್ತರ ಬರೆಯಲಾಗದೆ ಕೂತರೆ, ಅದನ್ನು ದಡ್ಡತನ ಎನ್ನುವುದು ಸುಲಭ. ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹಣೆಪಟ್ಟಿಯನ್ನೇ ಕಿತ್ತುಹಾಕಿ ಎಲ್ಲರನ್ನೂ ಸಮಾನವಾಗಿ ಕಂಡರಾಗದೇ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೂ ಆಗಿತ್ತು. ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳು ಯಾವ ವಿಶೇಷ ನೆರವೂ ಇಲ್ಲದೆ ಎಲ್ಲರ ಜೊತೆ ಅದೇ ತರಗತಿಯಲ್ಲಿ, ಅದೇ ಪುಸ್ತಕ ಹಿಡಿದು ಕೂತಿದ್ದರು. 1974ರಲ್ಲಿ, ಲಾವ್ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ, ಒಂದೇ ಪುಸ್ತಕ ಕೊಟ್ಟ ಮಾತ್ರಕ್ಕೆ ಸಮಾನತೆ ಕೊಟ್ಟಂತಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹೆಸರಿಡದಿದ್ದರೆ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಸರಿಟ್ಟರೆ ಆ ಹೆಸರೇ ಮಗುವಿನ ಗುಣವಾಗಿಬಿಡುತ್ತದೆ.

ಈ ಇಕ್ಕಟ್ಟಿಗೆ ನನಗೆ ಕಾಣುವ ದಾರಿ, ಹಣೆಪಟ್ಟಿಯನ್ನು ಓದುವ ರೀತಿಯನ್ನು ಬದಲಿಸುವುದು. ‘ಇಂಗ್ಲಿಷ್ ಕಲಿಕಾರ್ಥಿ’ ಎಂಬುದು ಮಗುವಿನ ಕೊರತೆಯ ವಿವರವಲ್ಲ, ಶಾಲೆಯ ಮೇಲಿನ ಸಾಲದ ಪತ್ರ. ಆರೇಳು ವರ್ಷ ಕಳೆದರೂ ಅದೇ ಗುಂಪಿನಲ್ಲಿ ಉಳಿದ ಮಗುವಿನ ಅಂಕ ಕಡಿಮೆಯಿದ್ದರೆ, ಆ ಸಾಲ ಇನ್ನೂ ತೀರಿಲ್ಲ ಎಂದೇ ಅರ್ಥ. ಬಾಕಿ ಉಳಿಸಿಕೊಂಡವರು ಯಾರು ಎಂಬ ಪ್ರಶ್ನೆಯನ್ನು ಮಗುವಿಗೆ ಕೇಳುವುದು ನ್ಯಾಯವಲ್ಲ.