ಎಷ್ಟು ಕೂಲಿ?

ಯಸಳೂರು ಸೀಮೆಯ ಕಾಫಿ ತೋಟದಲ್ಲಿ ‘ಇವತ್ತು ಎಷ್ಟು ಕೂಲಿ?’ ಅಂತ ಸಾಹುಕಾರ ಕೇಳಿದರೆ ಅದು ತಲೆ ಎಣಿಕೆ. ಹಣ್ಣು ಕುಯ್ದವಳು ಕೇಳಿದರೆ ದುಡ್ಡಿನ ಮಾತು. ಅವಳದೇ ನಮ್ಮ ನುಡಿಯ ಹಳೇ ಅರ್ಥ: ಬೆವರಿಗೆ ಸಲ್ಲಬೇಕಾದ್ದು. ಸಾಹುಕಾರನದು ಇಂಗ್ಲಿಷಿನ ಅರ್ಥ. ಆ ಪದದ ಮೂಲ ತಮಿಳಿನ ಕೂಲಿಯೋ, ಗುಜರಾತಿನ ಕೋಲಿ ಜನರ ಹೆಸರೋ ಅಂತ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲೇ ಚರ್ಚೆಯಿದೆ. ಪಂಡಿತರು ಕಿತ್ತಾಡಲಿ ಬಿಡಿ. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯ್ತು. ಅದೇ ವರ್ಷ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಈ ದೇಶದಿಂದ ಕರಾರಿನ ಜನ ಹಡಗು ಹತ್ತಿದರು. ಅವರ ಹೆಸರು ‘ಕೂಲಿ’. ದಕ್ಷಿಣ ಆಫ್ರಿಕಾದಲ್ಲಿ ಅದು ಬೈಗುಳವೇ ಆಯ್ತು. ಗಾಂಧಿಗೂ ‘ಕೂಲಿ ಬ್ಯಾರಿಸ್ಟರ್’ ಅಂದರು. ಮನುಷ್ಯನಿಗೇ ಕೂಲಿ ಅಂತ ಹೆಸರಿಟ್ಟ ಮೇಲೆ, ಅವನಿಗೆ ಸಲ್ಲಬೇಕಾದ್ದನ್ನು ಯಾವ ಹೆಸರಿಂದ ಕೇಳೋದು? ಕೊಡಬೇಕಾದವನಿಗೆ ಇದಕ್ಕಿಂತ ಅನುಕೂಲದ ವ್ಯಾಕರಣ ಉಂಟಾ? ಈಗ ಅಸ್ಸಾಮಿನಿಂದ ತೋಟಕ್ಕೆ ಬಂದವರನ್ನೂ ಹಾಗೇ ಎಣಿಸ್ತಾರೆ.