ದಾನವೂ ಪಾತ್ರವೂ

ಶರನ್ನವರಾತ್ರಿಯು ದಾನಕ್ಕೂ ಪರ್ವಕಾಲ. ಯೋಗ್ಯವಾದ ದೇಶ, ಕಾಲ, ಪಾತ್ರಗಳನ್ನರಿತು, ಪ್ರತಿಫಲವನ್ನು ಬಯಸದೆ ಕೊಟ್ಟುದೇ ಸಾತ್ತ್ವಿಕ ದಾನವೆಂದು ಗೀತೆಯ 17ನೆಯ ಅಧ್ಯಾಯವು ತಿಳಿಸುತ್ತದೆ. ಪಾತ್ರವೆಂದೊಡನೆ ದಾನಿಯ ದೃಷ್ಟಿಯು ಪಡೆಯುವವನ ಯೋಗ್ಯತೆಯ ಮೇಲೆ ಹರಿಯುವುದು ಸಹಜ. ವಿದ್ಯಾರ್ಥಿವೇತನ ನೀಡುವ ಸಂಘಸಂಸ್ಥೆಗಳು ಅಂಕಪಟ್ಟಿಯನ್ನೂ ಆದಾಯಪತ್ರವನ್ನೂ ಬಿಡದೆ ನೋಡುತ್ತವೆ. ಅಂಗವಿಕಲರ ವಿಷಯದಲ್ಲಿ ಮಾತ್ರ ಯೋಗ್ಯತೆಯ ಪ್ರಶ್ನೆಯೇ ಏಳುವುದಿಲ್ಲ. ಒಂದು ಹೊತ್ತಿನ ಊಟ, ಒಂದು ಹೊದಿಕೆ. ಅಲ್ಲಿಗೆ ಆ ಖಾತೆ ಮುಗಿಯಿತು. ಅನ್ನದಾನವು ಕಿರಿದೆಂದಲ್ಲ. ಆದರೆ ವಿದ್ಯಾದಾನದ ಪಟ್ಟಿಯಲ್ಲಿ ಅವರ ಹೆಸರು ಏಕಿರಬಾರದು?

ಹಾನಗಲ್ಲ ಕುಮಾರಸ್ವಾಮಿಗಳು ಊಟವಿಕ್ಕಿ ಕಳುಹಿಸಲಿಲ್ಲ. 1892ರಲ್ಲಿ ಹಾನಗಲ್ಲ ತಾಲೂಕಿನಲ್ಲಿ ಜನಿಸಿದ ಅಂಧ ಬಾಲಕನೊಬ್ಬನ ಕಂಠದಲ್ಲಿ ಸಂಗೀತವನ್ನು ಗುರುತಿಸಿ, ಕರ್ನಾಟಕ ಮತ್ತು ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಶಿಕ್ಷಣ ಕೊಡಿಸಿದರು. ಇದು ಒಂದು ದಿನದ ವೆಚ್ಚವಲ್ಲ, ವರ್ಷಾನುಗಟ್ಟಲೆ ಹೊರಬೇಕಾದ ಭಾರ. ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿ. ಅವರು ಪಡೆದ ವಿದ್ಯೆಯು ಅಂಧರಿಗಷ್ಟೇ ಮೀಸಲಾಗಿ ಉಳಿಯಲಿಲ್ಲ. ಕಣ್ಣುಳ್ಳ ಬಸವರಾಜ ರಾಜಗುರುಗಳೂ ಅವರಿಂದ ಕಲಿತವರೇ. ಇಲ್ಲಿ ದಾನ ಪಡೆದವರು ಯಾರು, ಕೊಟ್ಟವರು ಯಾರು? 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆಯನ್ನು ಹೊತ್ತವರು ಅವರ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದ ಅವರು, 2010ರಲ್ಲಿ ದೇಹ ಬಿಡುವವರೆಗೂ ಕಲಿಸುತ್ತಲೇ ಇದ್ದರು.

2011ರ ಜನಗಣತಿಯಲ್ಲಿ ದೇಶದ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ; ಅವುಗಳಲ್ಲಿ ಹಲವು ನೋಡಿದೊಡನೆ ಕಾಣುವಂಥವಲ್ಲ. ಇಷ್ಟು ಜನರಿಗೆ ಪ್ರತ್ಯೇಕ ನಿಧಿಯೊಂದನ್ನು ತೆರೆದು ಕೈತೊಳೆದುಕೊಂಡರೆ ಸಾಲದು. ಕೊಡುವ ಪ್ರತಿಯೊಂದು ನಿಧಿಯಲ್ಲಿಯೂ ಅವರಿಗೆ ಪಾಲಿರಬೇಕು. ಅಂಧ ವಿದ್ಯಾರ್ಥಿಗೆ ಶುಲ್ಕದ ಜೊತೆಗೆ ಪಾಠ ಓದಿ ಹೇಳುವವರ ಸಂಭಾವನೆ ಬೇಕು. ನಡೆಯಲಾರದ ಹುಡುಗಿಗೆ ಕಾಲೇಜಿಗೆ ಹೋಗಿಬರುವ ರಿಕ್ಷಾದ ಬಾಡಿಗೆ ಬೇಕು. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಪುರಸ್ಕಾರ ಸಮಾರಂಭವಿಟ್ಟರೆ ಆ ಹುಡುಗಿಯ ಪರವಾಗಿ ತಂದೆಯೇ ಬಂದು ಲಕೋಟೆ ಪಡೆಯಬೇಕಾದೀತು. ದೇಶ, ಕಾಲ, ಪಾತ್ರಗಳಲ್ಲಿ ದೇಶವೆಂದರೆ ಸ್ಥಳವೂ ಹೌದಷ್ಟೆ!

ಇನ್ನು ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯ ಮಾತು. ಗದಗಿನಲ್ಲಿ ಒಬ್ಬ ಅಂಧ ಗುರುವಿನ ಬಳಿಕ ಮತ್ತೊಬ್ಬ ಅಂಧ ಗುರುವು ಆಶ್ರಮವನ್ನೇ ನಡೆಸಿದರು. ಮಹಾನಗರದ ದತ್ತಿ ಸಮಿತಿಗಳಲ್ಲಿ ಅಂತಹವರಿಗೆ ಒಂದು ಕುರ್ಚಿಯನ್ನು ಇನ್ನಾದರೂ ಹಾಕಿಸಬಹುದು.